ಮೆಕ್ಕೆಜೋಳವೆಂದು ಬರೆದ ಹಿಂಗಾರು

ಹೋದ ತಿಂಗಳು ಗೆಳತಿಯೊಬ್ಬಳನ್ನು ಅಂಜನಾದ್ರಿ ಹತ್ತಿಸಲು ಕರೆದುಕೊಂಡು ಹೋಗಿದ್ದೆ. ಅವಳು ಹತ್ತಿದಳು, ನಾನು ಕೆಳಗೇ ಉಳಿದೆ. ಮೆಟ್ಟಿಲುಗಳ ವಿಷಯದಲ್ಲಿ ನನಗೆ ತಾತ್ವಿಕ ತಕರಾರೇನೂ ಇಲ್ಲ, ಮಂಡಿನೋವು ಇದೆ. ಹನುಮನಹಳ್ಳಿಯ ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಪಕ್ಕದ ತಳ್ಳುಗಾಡಿಯಿಂದ ಬೆಣ್ಣೆ, ಖಾರದಪುಡಿ, ಲಿಂಬೆರಸ ಕೂಡಿದ ಬಿಸಿ ಹಬೆ ಬಂದು ಮೂಗಿಗೆ ತಾಗಿತು. ಗಾಡಿಯ ಹಲಗೆಯ ಮೇಲೆ ‘ಸ್ವೀಟ್ ಕಾರ್ನ್’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. ಗಾಡಿಯವನು ಕಾಗದದ ಲೋಟಕ್ಕೆ ಹಳದಿ ಕಾಳು ತುಂಬಿ ನನ್ನ ಕಡೆ ನೋಡಿದ. ಬೇಡವೆಂದು ತಲೆಯಾಡಿಸಿದೆ.

ಕಾರ್ನ್ ಎಂದರೆ ಇದೇ ಎಂದು ನಾನೊಮ್ಮೆ ಬರೆದು, ಕೆಳಗೆ ಸಹಿ ಮಾಡಿ, ದಿನಾಂಕ ಹಾಕಿ ಕೊಟ್ಟಿದ್ದೆ. ಆ ಒಂದು ಪದ ನಲವತ್ತು ಮನೆಗಳ ನೆಲ್ಲನ್ನು ಕಣದಿಂದ ಎತ್ತಿ ಡಾಂಬರು ರಸ್ತೆಗೆ ಹಾಕುವುದರಲ್ಲಿತ್ತು.

ಅದು ಮೂರು ವರ್ಷದ ಹಿಂದಿನ ಹಿಂಗಾರು. ನಾನು ಯಲಬುರ್ಗಾದವಳು. ಕೊಪ್ಪಳದಲ್ಲಿ ಓದುವಾಗ ಎಲ್ಲೆಲ್ಲಿ ಚರ್ಚಾ ಸ್ಪರ್ಧೆ ಇದೆಯೋ ಅಲ್ಲೆಲ್ಲ ಹೋಗುತ್ತಿದ್ದೆ. ಚರ್ಚೆಯ ನಿಯಮ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚೀಟಿ ಎತ್ತಬೇಕು, ಚೀಟಿಯಲ್ಲಿ ‘ಪರ’ ಎಂದಿದ್ದರೆ ಪರ, ‘ವಿರೋಧ’ ಎಂದಿದ್ದರೆ ವಿರೋಧ. ನಿಮಗೆ ಏನನ್ನಿಸುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಎದುರಿನವನು ನಿಮ್ಮ ತಪ್ಪು ಹಿಡಿದರೆ ಅದನ್ನು ಒಪ್ಪಿಕೊಳ್ಳದೆ ಪ್ರಶ್ನೆಯನ್ನೇ ಬದಲಿಸುವುದು ಒಂದು ವಿದ್ಯೆ. ಆ ವಿದ್ಯೆಯಲ್ಲಿ ನನಗೆ ಬಹುಮಾನದ ಹನ್ನೊಂದು ಕಪ್ಪುಗಳಿವೆ. ಪದವಿ ಮುಗಿಸಿ, ಮುಂದೇನು ಎಂದು ತೋಚದೆ, ಗಂಗಾವತಿಯಲ್ಲಿರುವ ಚಿಗವ್ವನ ಮನೆಯಲ್ಲಿ ಉಳಿದು, ಕೋರ್ಟಿನ ಹತ್ತಿರದ ಒಂದು ಟೈಪಿಂಗ್ ಅಂಗಡಿಗೆ ಸೇರಿಕೊಂಡೆ. ಟೈಪಿಂಗ್, ಝೆರಾಕ್ಸ್, ಅರ್ಜಿ, ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ. ಅಂಗಡಿಯ ಮಾಲೀಕ ಶರಣಪ್ಪಣ್ಣ ನನ್ನನ್ನು ಮೊದಲ ದಿನದಿಂದಲೇ ‘ವಕೀಲಮ್ಮ’ ಎಂದ. ನಾನು ಕಾನೂನು ಓದಿಲ್ಲ ಎಂದೆ. “ಓದಿದವ್ರು ಇಷ್ಟು ವಾದ ಮಾಡಾಂಗಿಲ್ಲ ಬಿಡ್ರಿ,” ಎಂದ.

ಗಂಗಾವತಿಯ ಆ ತಿಂಗಳುಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಊರಿನ ಮೇಲೆ ದಿನವಿಡೀ ಬೇಯಿಸಿದ ನೆಲ್ಲಿನ ವಾಸನೆ ನಿಂತಿರುತ್ತದೆ. ಮಿಲ್ಲುಗಳ ಕೊಳವೆಯಿಂದ ಹೊಟ್ಟಿನ ಕರಿಬೂದಿ ಹಾರಿಬಂದು ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ, ನನ್ನ ಕೀಲಿಮಣೆಯ ಸಂದಿಗಳಲ್ಲಿ ಕೂರುತ್ತದೆ. ಆ ವರ್ಷ ಅದರ ಮೇಲೆ ಮಳೆ ಬೇರೆ. ಕೊಯ್ಲಿಗೆ ಬಂದ ಬೆಳೆಯ ಮೇಲೆ ಮೂರು ದಿನಕ್ಕೊಮ್ಮೆ ಸುರಿದು, ಒಂದು ದಿನ ಬಿಸಿಲು ತೋರಿಸಿ, ಮತ್ತೆ ಸುರಿಯುತ್ತಿತ್ತು.

ಪ್ರತಿ ಗುರುವಾರ ಕುಷ್ಟಗಿಯ ಬಸ್ಸಿನಲ್ಲಿ ಬಸವಂತಪ್ಪ ಮಾಸ್ತರರು ಬರುತ್ತಿದ್ದರು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೆಗಲ ಚೀಲದಲ್ಲಿ ಹತ್ತು ಪುಟ ಕೈಬರಹ ತಂದುಕೊಟ್ಟು, ಹಿಂದಿನ ವಾರದ ಹತ್ತು ಪುಟವನ್ನು ಟೈಪಾಗಿ ಒಯ್ಯುತ್ತಿದ್ದರು. ಇಂಗ್ಲಿಷಿನವರೇ ಬಳಸುವುದನ್ನು ಬಿಟ್ಟ, ಅಥವಾ ಅರ್ಥ ಬದಲಿಸಿಕೊಂಡ ಹಳೆಯ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವುದು ಅವರ ಕೆಲಸ. ಯಾರೂ ಕೇಳದಿದ್ದ ಕೆಲಸ. ಪದಗಳನ್ನು ಅಕ್ಷರಗಳ ಸಾಲಿನಲ್ಲಿ ಜೋಡಿಸದೆ ಕಸುಬುಗಳ ಪ್ರಕಾರ ಜೋಡಿಸಿದ್ದರು: ವೈದ್ಯರದ್ದು, ವಕೀಲರದ್ದು, ದರ್ಜಿಯದ್ದು, ಅಡುಗೆಮನೆಯದ್ದು, ಹಡಗಿನದ್ದು, ಕೊನೆಗೆ ಒಕ್ಕಲುತನದ್ದು.

ನಾನು ಸುಮ್ಮನೆ ಟೈಪು ಮಾಡುವವಳಲ್ಲ. ವೈದ್ಯರ ಭಾಗದಲ್ಲಿ ‘ಏಗ್ಯೂ’ ಎಂದರೆ ಚಳಿಜ್ವರ, ‘ಡ್ರಾಪ್ಸಿ’ ಎಂದರೆ ಮೈಯಲ್ಲಿ ನೀರು ತುಂಬಿ ಊದುವುದು ಎಂದು ಒತ್ತಿ ಮುಗಿಸಿದ ದಿನ ಕೇಳಿಯೇಬಿಟ್ಟೆ.

“ಸರ್, ಆ ಭಾಷಾದವ್ರ ಬಿಟ್ಟ ಶಬ್ದಾನ ನೀವ್ಯಾಕ ಕುಷ್ಟಗ್ಯಾಗ ಕುಂತು ಕಾಯಾಕ ಹತ್ತೀರಿ?”

“ಬಾಯಾಗಿಂದು ಬಿಟ್ಟಾರ ತಂಗಿ. ಕಾಗದದಾಗಿಂದು ಇಲ್ಲೇ ಬಿಟ್ಟು ಹೋಗ್ಯಾರಲ್ಲ.”

“ಸತ್ತ ಶಬ್ದದಿಂದ ಯಾರಿಗೇನು ಆಗಬೇಕಾಗೈತ್ರಿ?”

“ಸತ್ತಾವಂತ ಯಾರು ಹೇಳಿದ್ರು? ನಿನ್ನ ಪಾಸ್‌ಪೋರ್ಟ್ ತಗಸಿದ ದಿವಸ ಮೊದಲನೇ ಹಾಳಿ ಓದು. ‘ಲೆಟ್’ ಅಂತೈತಿ. ಸಾಲ್ಯಾಗ ನಾವು ‘ಬಿಡು’ ಅಂತ ಕಲಿಸೀವಿ. ಅಲ್ಲಿ ‘ಅಡ್ಡಿ’ ಅಂತ ಅರ್ಥ. ಪೂರಾ ಉಲ್ಟಾ!”

ಅವರು ಸರಿ ಎನ್ನುವುದು ನನಗೆ ಗೊತ್ತಾಯಿತು. ಆದ್ದರಿಂದ ಪ್ರಶ್ನೆ ಬದಲಿಸಿದೆ. ಪುಸ್ತಕ ಅಚ್ಚಾದರೆ ಓದುವವರು ಯಾರು ಎಂದೆ. ಮಾಸ್ತರರು ನಕ್ಕು, “ನೀ ಓದಾಕ ಹತ್ತೀಯಲ್ಲ, ಒಬ್ಬಾಕಿ ಆತು,” ಎಂದರು.

ಒಪ್ಪಿಕೊಳ್ಳಬೇಕು, ಕೆಲವು ಪದಗಳು ಮಜವಾಗಿದ್ದವು. ‘ನೈಸ್’ ಎಂದರೆ ಒಂದು ಕಾಲದಲ್ಲಿ ತಿಳಿಗೇಡಿ ಎಂದು ಅರ್ಥವಂತೆ. ಅದನ್ನು ಕೇಳಿದ ಮೇಲೆ ಶರಣಪ್ಪಣ್ಣ, ಗಿರಾಕಿಗಳು ನನ್ನ ಕೆಲಸ ನೋಡಿ ‘ನೈಸ್’ ಎಂದಾಗಲೆಲ್ಲ ಕೆಮ್ಮುತ್ತಿದ್ದ. ‘ಮೀಟ್’ ಎಂದರೆ ಮಾಂಸವಲ್ಲ, ಯಾವ ಊಟವಾದರೂ ಸರಿ. ವಕೀಲರ ಭಾಗದಲ್ಲಿ ‘ಡಿಮೈಸ್’ ಬಂತು. ಈಗ ಮರಣ, ಹಳೆಯ ದಸ್ತಾವೇಜುಗಳಲ್ಲಿ ಗೇಣಿಗೋ ಬಾಡಿಗೆಗೋ ಕೊಡುವುದು. ಶರಣಪ್ಪಣ್ಣ ಕುರ್ಚಿಯಿಂದ ಎದ್ದೇಬಿಟ್ಟ.

“ನಿಮ್ಮಕಿಂತ ಮೊದಲ ಇಲ್ಲಿದ್ದಾಂವ ಒಬ್ಬ ಬಾಡಿಗಿ ಪತ್ರದಾಗ ‘ಸದರಿ ಸತ್ತ ಮನಿ’ ಅಂತ ಬರದು ಕೊಟ್ಟಿದ್ದಾ! ಮನಿ ಮಾಲಕ ಬಂದು, ಯಾರು ಸತ್ತಾರಪಾ ಹೇಳು ಅಂತ ಅಂಗಡಿ ಮುಂದ ಕುಂತುಬಿಟ್ಟ.”

ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಿಘಂಟು ತೆಗೆದು ನೋಡುವಷ್ಟೂ ಪುರುಸೊತ್ತಿಲ್ಲದವರು ಈ ಕೆಲಸಕ್ಕೆ ಯಾಕೆ ಬರಬೇಕು ಎಂದೂ ಹೇಳಿದೆ.

ಆ ವಾರವೇ ಚಂದ್ರಶೇಖರಪ್ಪ ಸಾಹುಕಾರರು ಬಂದರು. ಒಂದು ರೈಸ್‌ಮಿಲ್ಲಿನ ಮಾಲೀಕರು, ಮೃದು ಮಾತಿನ ಮನುಷ್ಯ. ಹೇಮಗುಡ್ಡದ ಕಡೆಯ ಒಂದು ಕ್ಯಾಂಪಿನಲ್ಲಿ ಜಮೀನು ಕೊಂಡಿದ್ದರು. ಕಾಲುವೆ ಬಂದ ಹೊಸತರಲ್ಲಿ ಎದ್ದ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಎಂದೇ ಹೆಸರು. ಜಮೀನಿನ ಜತೆಗೆ ಬಂದ, ಎಪ್ಪತ್ತು ವರ್ಷ ಹಳೆಯ ಇಂಗ್ಲಿಷ್ ಪತ್ರ ಒಂದಿತ್ತು. ಆಗಿನ ಜಮೀನುದಾರರ ಹತ್ತಿರ ಮದ್ರಾಸ್ ಕಡೆಯ ಗುಮಾಸ್ತನೊಬ್ಬ ಇದ್ದನಂತೆ, ಅವನು ಬರೆದದ್ದು. ಅದರಲ್ಲಿ ಒಂದು ಷರತ್ತು. ಈ ಜಮೀನು ಯಾರ ಕೈಗೆ ಹೋದರೂ, ಕ್ಯಾಂಪಿನ ರೈತರು ತಮ್ಮ ‘ಕಾರ್ನ್’ ಅನ್ನು ಈ ಕಲ್ಲುಹಾಸಿನ ಅಂಗಳದಲ್ಲಿ ತುಳಿಸುವುದಕ್ಕೂ ಒಣಗಿಸುವುದಕ್ಕೂ ಅಡ್ಡಿ ಮಾಡತಕ್ಕದ್ದಲ್ಲ.

ಕಾಲು ಗಂಟೆಯಲ್ಲಿ ಮುಗಿಸಿದೆ. ‘ತಮ್ಮ ಮೆಕ್ಕೆಜೋಳವನ್ನು’ ಎಂದು ಬರೆದೆ. ಸಾಹುಕಾರರು ಆ ಸಾಲಿನ ಮೇಲೆ ಬೆರಳಿಟ್ಟರು.

“ಕಾರ್ನ್ ಅಂದ್ರ ಖರೇನ ಮೆಕ್ಕಿಜ್ವಾಳನಾ ಯವ್ವ?”

“ಸಾಲಿ ಹುಡುಗ್ರಿಗೂ ಗೊತ್ತೈತ್ರಿ ಸಾಹುಕಾರ್ರ.”

“ಬ್ಯಾರೆ ಏನೂ ಆಗಾಂಗಿಲ್ಲ?”

“ಏನೂ ಆಗಾಂಗಿಲ್ಲ,” ಎಂದೆ. ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಅದನ್ನೇ ಹೇಳಿದೆ.

‘ಮೂಲಕ್ಕೆ ಸರಿಯಾದ ಭಾಷಾಂತರ’ ಎಂದು ಬರೆದು ಸಹಿ ಮಾಡಿದೆ. ಅವರು ಎರಡು ಸಲ ಓದಿ, ಮಡಚಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಒಬ್ಬ ಮನುಷ್ಯ ಒಂದೇ ಪದವನ್ನು ಮೂರು ಸಲ ಯಾಕೆ ಕೇಳಿದ ಎಂದು ನನಗೆ ಅನ್ನಿಸಬೇಕಿತ್ತು. ಸಂಶಯವೇ ನನ್ನ ಸ್ವಭಾವ ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಅದನ್ನು ನನ್ನ ಮೇಲೆ ಬಳಸಿ ನೋಡಿರಲಿಲ್ಲ.

ಎರಡು ವಾರ ಕಳೆದವು. ಒಂದು ಮಂಗಳವಾರ ಮಳೆಯಲ್ಲಿ ನೆಂದ ಹೆಣ್ಣುಮಗಳೊಬ್ಬಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸೆರಗು ಹಿಂಡಿಕೊಂಡಳು. ಐವತ್ತೈದು, ಅರವತ್ತರ ವಯಸ್ಸು. ಹೆಸರು ಹುಲಿಗೆವ್ವ. ಪಂಚಾಯಿತಿಗೆ ಅರ್ಜಿ ಬರೆಸಬೇಕಿತ್ತು.

“ಏನಂತ ಬರೀಲಿ ಹೇಳ್ರಿ.”

“ನಮ್ಮ ಕಣಕ್ಕ ತಂತಿ ಬಿಗ್ಯಾಕ ಹತ್ಯಾರ ಅಂತ ಬರಿ ತಂಗಿ. ನಮ್ಮ ಅತ್ತಿ ಕಾಲದಿಂದ ಒಣಗಸ್ತೀವಿ. ಈಗ ಲಾರಿ ನಿಂದ್ರಸ್ತಾರಂತ. ಕೇಳಿದ್ರ, ಇಂಗ್ಲಿಷ್ ಕಾಗದದಾಗ ಬರೇ ಮೆಕ್ಕಿಜ್ವಾಳ ಒಣಗಸ್ರಿ ಅಂತೈತಿ, ನೆಲ್ಲು ಹಾಕಾಂಗಿಲ್ಲ ಅಂತಾರ. ನಮ್ಮ ಕ್ಯಾಂಪಿನಾಗ ಮೆಕ್ಕಿಜ್ವಾಳ ಯಾರು ಬೆಳೀತಾರವಾ? ನೀರಾಗ ನಿಂತ ಹೊಲ!”

ನನ್ನ ಸಾಲು ನನಗೇ ತಿರುಗಿ ಬಂದಿತ್ತು. ಆಗಲೂ ನಾನು ಅಲುಗಾಡಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಅವಳಿಗೆ ಸಮಾಧಾನ ಹೇಳುವ ಬದಲು ವಾದ ಹೇಳಿದೆ.

“ಕಾಗದದಾಗ ಹಂಗ ಇದ್ರ ಏನು ಮಾಡಾಕ ಬರ್ತೈತ್ರಿ? ಬರದವ್ರು ಅಷ್ಟಕ್ಕ ಒಪ್ಪಿದ್ರು ಅಂತ ಆಗ್ತೈತಿ.”

ಹುಲಿಗೆವ್ವ ನನ್ನ ಮುಖ ನೋಡಿದಳು. “ನೆಲ್ಲು ಕೊಯ್ದು ರಾಶಿ ಹಾಕೀನಿ. ಮ್ಯಾಲ ತಾಡಪತ್ರಿ ಐತಿ. ಒಳಗ ಕೈ ಹಾಕಿದ್ರ ಬೆಚ್ಚಗ ಹತ್ತತೈತಿ. ಇನ್ನ ನಾಕು ದಿವಸ ಬಿಸಲು ಕಾಣಲಿಲ್ಲಂದ್ರ ಮೊಳಕಿ ಬರ್ತೈತಿ. ಮೊಳಕಿ ಬಂದ ನೆಲ್ಲಿನ ಮುಂದ ನಿನ್ನ ಕಾಗದ ಓದಿದ್ರ ಕೇಳ್ತೈತೇನು?”

ರಸ್ತೆಯ ಮೇಲೆ ಯಾಕೆ ಒಣಗಿಸಬಾರದು ಎಂದು ಶರಣಪ್ಪಣ್ಣ ಕೇಳಿದ. ಹೋದ ವರ್ಷ ಕಣ ತುಂಬಿದ್ದಾಗ ರಸ್ತೆಗೆ ಹಾಕಿದ್ದಳಂತೆ. ಕತ್ತಲಾಗುವ ಮೊದಲು ಎತ್ತಿಕೊಳ್ಳಲು ಬಾಗಿದ್ದ ಅವಳ ಸೊಸೆಗೆ ಬೈಕಿನವನು ಗುದ್ದಿ ಹೋದ. ಇವತ್ತಿಗೂ ಆ ಹುಡುಗಿ ನೆಲಕ್ಕೆ ಕೂರಲಾರಳು. ಹುಲಿಗೆವ್ವ ಇದನ್ನು ಅರ್ಜಿಯಲ್ಲಿ ಬರೆಯಬೇಡ ಎಂದಳು. “ಅದು ನಮ್ಮ ಮನಿ ವಿಷಯ. ಕಣದ್ದಷ್ಟ ಬರಿ.”

ಬರೆದುಕೊಟ್ಟೆ. ಆ ಭಾಷಾಂತರ ನನ್ನದು ಎಂದು ಮಾತ್ರ ಹೇಳಲಿಲ್ಲ.

ಗುರುವಾರ ಮಾಸ್ತರರು ಒಕ್ಕಲುತನದ ಪುಟಗಳನ್ನು ತಂದರು. ಅವರು ಎದುರಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದಾಗಲೇ ನಾನು ಟೈಪು ಶುರು ಮಾಡಿದೆ. ಎರಡನೆಯ ಪುಟದ ನಡುವೆ ಬೆರಳು ನಿಂತಿತು. ‘ಕಾರ್ನ್: ಯಾವ ಕಾಳಾದರೂ ಸರಿ, ವಿಶೇಷವಾಗಿ ಆಯಾ ನಾಡಿನವರು ಹೆಚ್ಚು ಬೆಳೆದು ಉಣ್ಣುವ ಕಾಳು. ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಮೆಕ್ಕೆಜೋಳ ಎಂಬುದು ಅಮೆರಿಕದವರ ಬಳಕೆ.’

ಮೊದಲು ಮಾಡಿದ ಕೆಲಸವೆಂದರೆ ಫೋನು ತೆಗೆದು ಮಾಸ್ತರರ ತಪ್ಪು ಹುಡುಕಿದ್ದು. ಫೋನಿನಲ್ಲಿ ಮೆಕ್ಕೆಜೋಳವೇ ಮೊದಲು ಬಂತು. ಗೆದ್ದೆನೆಂದುಕೊಂಡೆ. ಬೆರಳು ಸ್ವಲ್ಪ ಕೆಳಗೆ ಎಳೆದಾಗ ಎರಡನೆಯ ಅರ್ಥ ಬಂತು. ಮಾಸ್ತರರ ಮಾತೇ, ಸ್ವಲ್ಪ ಒಣಗಿದ ಇಂಗ್ಲಿಷಿನಲ್ಲಿ.

“ಸರ್, ಮದ್ರಾಸ್ ಕಡೆ ಗುಮಾಸ್ತ ಆ ಕಾಲದಾಗ ಕಾರ್ನ್ ಅಂತ ಬರದ್ರ ಯಾವ ಅರ್ಥ ಹಿಡೀಬೇಕ್ರಿ?”

“ಆತ ಬ್ರಿಟಿಷರ ಇಂಗ್ಲಿಷ್ ಕಲತಾಂವ. ಯಾವ ಊರಾಗ ಕುಂತು ಬರದಾನ?”

“ಇಲ್ಲೇ. ಹೇಮಗುಡ್ಡದ ಕಡೆ.”

“ಅಲ್ಲಿ ಮಂದಿ ಏನು ಬೆಳೀತಾರ? ನೀನ ಹೇಳು.”

ಅಂಗಡಿಯ ಮುಂದೆ ನೆಲ್ಲು ಹೇರಿದ ಲಾರಿಯೊಂದು ಹಿಂದೆ ಸರಿಯಲಾಗದೆ ನಿಂತು ಹಾರನ್ ಬಾರಿಸುತ್ತಿತ್ತು. ನಾನು ಹೇಳಬೇಕಾದ ಅಗತ್ಯ ಬೀಳಲಿಲ್ಲ.

ಶರಣಪ್ಪಣ್ಣನಿಗೆ ವಿಷಯ ತಿಳಿದಾಗ ಅವನ ಮುಖ ಸಣ್ಣದಾಯಿತು. ಅವನದೂ ಒಂದು ವಾದ, ತೆಗೆದುಹಾಕುವಂಥದ್ದಲ್ಲ. “ವಕೀಲಮ್ಮ, ಎರಡೂ ಅರ್ಥ ಅದಾವಂತ ನೀವ ಹೇಳ್ತೀರಿ. ಹಂಗಾದ್ರ ನೀವು ಬರದದ್ದು ಪೂರಾ ತಪ್ಪಲ್ಲ. ಸುಮ್ಮನಿದ್ದುಬಿಡ್ರಿ. ಈ ಅಂಗಡಿ ಸಹಿ ಸುಳ್ಳು ಅಂತ ಒಮ್ಮಿ ಆತಂದ್ರ, ನಾಳೆ ಕೋರ್ಟಿನಿಂದ ಈ ಕಡೆ ಯಾರು ಕಾಲಿಡ್ತಾರ?”

ಚರ್ಚೆಯ ವೇದಿಕೆಯಾಗಿದ್ದರೆ ನಾನು ಇದೇ ವಾದ ಹೂಡಿ ಕಪ್ಪು ತರುತ್ತಿದ್ದೆ. ತೊಂದರೆ ಏನೆಂದರೆ, ಇಲ್ಲಿ ಚೀಟಿ ಎತ್ತಿರಲಿಲ್ಲ. ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗೆ ಹತ್ತುತ್ತದೆ ಎಂದ ಮಾತು ತಲೆಯೊಳಗೆ ಕುಳಿತಿತ್ತು. ಪಶ್ಚಾತ್ತಾಪ ಎಂಬ ದೊಡ್ಡ ಪದ ಬಳಸಲಾರೆ. ಲೆಕ್ಕ ತಪ್ಪಿದೆ, ತಿದ್ದಬೇಕು, ಅಷ್ಟೇ ಅನ್ನಿಸಿದ್ದು.

ಶನಿವಾರ ಪಂಚಾಯಿತಿಯ ಅಧಿಕಾರಿ ಸ್ಥಳ ನೋಡಲು ಬರುತ್ತಾರೆಂದು ತಿಳಿದು ನಾನೂ ಬಸ್ಸು ಹತ್ತಿದೆ. ಚೀಲದಲ್ಲಿ ಮಾಸ್ತರರ ಕೈಬರಹದ ಪುಟ, ನಿಘಂಟಿನ ಝೆರಾಕ್ಸ್, ಮೂರು ಅಂಶಗಳ ಟಿಪ್ಪಣಿ. ಅಂದು ಬಿಸಿಲು ಬಿದ್ದಿತ್ತು. ಕಣ ನಾನು ಊಹಿಸಿದ್ದಕ್ಕಿಂತ ದೊಡ್ಡದು; ನುಣುಪಾಗಿ ಸವೆದ ಬೂದು ಕಲ್ಲುಗಳು, ನೀರು ನಿಲ್ಲದಂತೆ ಒಂದು ಮಗ್ಗುಲಿಗೆ ಇಳಿಜಾರು. ಮೂರು ಕಡೆ ಕಂಬ ನೆಟ್ಟು ತಂತಿ ಬಿಗಿದಾಗಿತ್ತು. ನಾಲ್ಕನೆಯ ಕಡೆ ಹದಿನೈದು, ಇಪ್ಪತ್ತು ರಾಶಿಗಳು ನೀಲಿ ತಾಡಪತ್ರಿಯಡಿ ಸಾಲಾಗಿ ಕಾದಿದ್ದವು. ಹೆಂಗಸರು ಅವುಗಳ ಪಕ್ಕದಲ್ಲೇ ಕುಳಿತಿದ್ದರು. ಮಿಲ್ಲಿನ ಸಾಹುಕಾರರು ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ನನ್ನನ್ನು ನೋಡಿ ಕೈಯೆತ್ತಿ, “ಬಾ ಯವ್ವ, ಛಲೋ ಆತು ಬಂದಿ. ಬರದಾಕಿನ ಬಂದಾಳ ನೋಡ್ರಿ ಸಾಹೇಬ್ರ,” ಎಂದು ಅಧಿಕಾರಿಗೆ ಹೇಳಿದರು.

ಹುಲಿಗೆವ್ವ ತಲೆಯೆತ್ತಿದಳು. ಅಂಗಡಿಯಲ್ಲಿ ನಾನು ಹೇಳದೆ ಉಳಿಸಿದ್ದು ಆ ಒಂದು ವಾಕ್ಯದಲ್ಲಿ ಎಲ್ಲರಿಗೂ ಗೊತ್ತಾಯಿತು.

“ಓಹೋ,” ಎಂದಳು ಅವಳು. “ಬೆಂಕಿ ಹಚ್ಚಿದಾಕಿನ ಕಡೆನ ನಾ ಆರಸಾಕ ನೀರು ಕೇಳಾಕ ಹೋಗಿದ್ನೇನು?”

ನನ್ನ ಮೂರು ಅಂಶಗಳನ್ನು ಹೇಳಿದೆ. ಒಂದು, ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಕಾಳು. ಎರಡು, ಪತ್ರ ಬರೆದವನು ಆ ಇಂಗ್ಲಿಷಿನವನು. ಮೂರು, ಷರತ್ತು ಹಾಕಿದ್ದು ಕ್ಯಾಂಪಿನ ರೈತರಿಗಾಗಿ, ಅವರು ಬೆಳೆಯದ ಬೆಳೆಗಾಗಿ ಅಲ್ಲ. ಚೆನ್ನಾಗಿಯೇ ಹೇಳಿದೆ. ಅಧಿಕಾರಿ, ನನಗಿಂತ ಐದಾರು ವರ್ಷ ದೊಡ್ಡವರಿರಬಹುದು, ಹಣೆ ಒರೆಸಿಕೊಂಡರು.

ಸಾಹುಕಾರರು ಧ್ವನಿ ಏರಿಸಲಿಲ್ಲ. “ನಾ ಒಂದು ಕೇಳ್ತೀನಿ ಯವ್ವ. ಮೂರು ಸರ್ತಿ ನಿನ್ನ ಕೇಳಿದ್ನಿಲ್ಲೋ? ಬ್ಯಾರೆ ಏನೂ ಆಗಾಂಗಿಲ್ಲ ಅಂತ ನೀನ ಅಂದಿ. ಅದನ್ನ ನಂಬಿ ಕಂಬ ನೆಟ್ಟೀನಿ. ಅವತ್ತಿನ ಶಬ್ದಕ್ಕ ಒಂದು ಅರ್ಥ, ಇವತ್ತಿಗೊಂದು ಅರ್ಥ ಅಂದ್ರ ನಾವು ಯಾವ ಕಾಗದ ನಂಬಬೇಕು? ಮಾಸ್ತರರ ಕೈಬರಹ ಕೋರ್ಟಿನಾಗ ನಡೀತೈತೇನು? ಫೋನಿನಾಗ ಮೊದಲು ಯಾವುದು ಬರ್ತೈತಿ, ತಗದು ತೋರಸು.”

ಫೋನಿನಲ್ಲಿ ಮೊದಲು ಏನು ಬರುತ್ತದೆಂದು ನನಗೆ ಗೊತ್ತಿತ್ತು. ಅವರ ವಾದದಲ್ಲಿ ಸುಳ್ಳು ಒಂದೂ ಇರಲಿಲ್ಲ. ಇಲ್ಲಿ ಪ್ರಶ್ನೆ ಬದಲಿಸುವ ವಿದ್ಯೆ ನಡೆಯುವಂತಿರಲಿಲ್ಲ. ಬದಲಿಸಬೇಕಿದ್ದ ಪ್ರಶ್ನೆ ನಾನೇ ಆಗಿದ್ದೆ.

ಹುಲಿಗೆವ್ವ ಎದ್ದು ನಿಂತಳು.

“ಸಾಹುಕಾರ್ರ, ನಿಮ್ಮ ಮನ್ಯಾಗ ಹಳೇ ಕಾಗದ ಅದಾವಿಲ್ಲೋ? ಗುಡಿ ದೀಪಕ್ಕ ವರ್ಷಾ ಇಷ್ಟು ಎಣ್ಣಿ ಕೊಡಬೇಕು ಅಂತ ನಿಮ್ಮ ಹಿರ್ಯಾರು ಬರಸಿದ್ದು?”

“ಅದಾವ. ಯಾಕ?”

“ಇವತ್ತು ಕ್ಯಾಂಪಿನಾಗ ಗಂಡಸ್ರು ‘ಎಣ್ಣಿ’ ಅಂದ್ರ ಏನಂತ ತಿಳೀತಾರ, ಗೊತ್ತೈತಿಲ್ಲೋ?”

ತಾಡಪತ್ರಿಗಳ ಕಡೆಯಿಂದ ಒಬ್ಬಳು ಫಕ್ಕನೆ ನಕ್ಕಳು.

“ಹಂಗಾದ್ರ ಈ ಸರ್ತಿ ದೇವ್ರಿಗೆ ಏನು ಒಯ್ದು ಕೊಡ್ತೀರಿ? ಬಾಟ್ಲಿ ಕೊಡ್ತೀರೋ, ಕುಸಬಿ ಎಣ್ಣಿ ಕೊಡ್ತೀರೋ?”

ಈಗ ಎಲ್ಲರೂ ನಕ್ಕರು. ಅಧಿಕಾರಿ ನಗಬಾರದೆಂದು ಕಡತದೊಳಗೆ ಮುಖ ಹಾಕಿದರು. ಸಾಹುಕಾರರು ಕೂಡ ಮೀಸೆಯಡಿ ನಕ್ಕುಬಿಟ್ಟರು.

“ಬರದವ್ರ ಬಾಯಾಗ ಏನಿತ್ತೋ ಅದು ನಡೀತೈತ್ರಿ,” ಎಂದಳು ಹುಲಿಗೆವ್ವ. “ನಾವು ನೆಲ್ಲು ಅಂತೀವಿ. ಆ ಮೂಲಿ ಮನ್ಯಾಗಿನ ಆಂಧ್ರದವ್ರು ವಡ್ಲು ಅಂತಾರ. ಸಾಲಿ ಪುಸ್ತಕದಾಗ ಭತ್ತ ಅಂತೈತಿ. ಆ ಗುಮಾಸ್ತ ಕಾರ್ನ ಅಂದಾ. ಒಣಗಿದ್ದು ಒಂದ. ಮೆಕ್ಕಿಜ್ವಾಳನ ನಮ್ಮ ಮಾವ ಹಿತ್ತಲದಾಗ ಎರಡು ಸಾಲು ಹಾಕತಿದ್ದ, ಮಕ್ಕಳು ಸುಟ್ಟು ತಿನ್ನಾಕ. ಆ ಎರಡು ಸಾಲಿಗೆ ಇಷ್ಟು ಕಲ್ಲು ಹಾಸಿ ಕಾಗದ ಬರಸ್ತಾರೇನು?”

ನನ್ನ ಟಿಪ್ಪಣಿಯ ಮೂರು ಅಂಶಗಳೂ ಅದರಲ್ಲಿದ್ದವು. ಒಂದೂ ನನ್ನ ಭಾಷೆಯಲ್ಲಿರಲಿಲ್ಲ.

ಸಾಹುಕಾರರು ಕುರ್ಚಿಯಿಂದ ಎದ್ದರು. “ನನಗ ಜಗಳ ಬ್ಯಾಡ. ಆದ್ರ ನನ್ನ ಕಡೆ ಸಹಿ ಮಾಡಿದ ಕಾಗದ ಒಂದೈತಿ. ಅದು ತಪ್ಪಂತ ಅದನ್ನ ಬರದಾಕಿನ ಬರದು ಕೊಡಲಿ. ಇಲ್ಲಂದ್ರ ನಾ ಕೋರ್ಟಿಗೆ ಇದನ್ನ ಒಯ್ತೀನಿ. ಅಲ್ಲಿ ಎಣ್ಣಿ ಮಾತು ನಡಿಯಾಂಗಿಲ್ಲ.”

ಅಧಿಕಾರಿ ನನ್ನ ಕಡೆ ಒಂದು ಬಿಳಿ ಹಾಳೆ ಚಾಚಿದರು. “ಬರೀರಿ ಮೇಡಂ. ಸರಿ ಭಾಷಾಂತರಾನೂ ಅದರಾಗ ಇರಲಿ.”

ಕಲ್ಲಿನ ಮೇಲೆ ಕುಳಿತು, ತೊಡೆಯ ಮೇಲೆ ಕಡತವಿಟ್ಟು ಬರೆದೆ. ‘ಕಾರ್ನ್’ ಎದುರಿಗೆ ‘ಧಾನ್ಯ’ ಎಂದು ಬರೆದು ಓದಿ ಹೇಳಿದೆ. ಹುಲಿಗೆವ್ವ ಬೇಡವೆಂದು ತಲೆಯಾಡಿಸಿದಳು.

“ಧಾನ್ಯ ಅಂದ್ರ ಗೋಧಿ ಅಂತ ನಾಳೆ ಯಾರರ ಅಂದ್ರ? ನೆಲ್ಲು ಅಂತ ಬರಿ.”

“ನೆಲ್ಲು ಅಂತ ಬರದ್ರ ನಾಳೆ ನೀವು ತೊಗರಿ ಬೆಳದಾಗ ಅಡ್ಡಿ ಮಾಡ್ತಾರ.”

“ಹಂಗಾದ್ರ ಎಲ್ಲಾ ಬರಿ. ನೆಲ್ಲು, ಜ್ವಾಳ, ಸಜ್ಜಿ, ತೊಗರಿ, ಕಡ್ಲಿ.”

“ಪಟ್ಟಿ ಮಾಡಿದ್ರ, ಪಟ್ಟ್ಯಾಗ ಇಲ್ಲದ್ದು ಬಿಟ್ಟು ಹೋಗ್ತೈತ್ರಿ.”

“ಅಯ್ಯ! ಹಿಂಗ ಬರದ್ರ ಹಂಗ, ಹಂಗ ಬರದ್ರ ಹಿಂಗ. ನಿನ್ನ ಕಟಗೊಂಡಾಂವ ಹೆಂಗ ಬಾಳೇ ಮಾಡ್ತಾನವಾ?”

ಮತ್ತೆ ನಗೆ. ಐದಾರು ಜನ ತಮತಮಗೆ ತೋಚಿದ್ದನ್ನು ಹೇಳಿದರು. ಎಪ್ಪತ್ತು ವರ್ಷಗಳ ನಂತರವೂ ಇನ್ನೊಂದು ಅರ್ಥಕ್ಕೆ ತಿರುಗದಂಥ ಒಂದು ಪದ ಬೇಕಿತ್ತು. ಅಂಥದ್ದು ಯಾವ ಭಾಷೆಯಲ್ಲೂ ಇಲ್ಲ ಎಂದು ಮಾಸ್ತರರ ನಾಲ್ಕುನೂರು ಪದಗಳನ್ನು ಟೈಪು ಮಾಡಿದ ನನಗೆ ಗೊತ್ತಿರಬೇಕಿತ್ತು. ಕೊನೆಗೆ ‘ತಮ್ಮ ಹೊಲದಲ್ಲಿ ಬೆಳೆದ ಯಾವ ಕಾಳಾದರೂ, ಈಗ ಬೆಳೆಯುತ್ತಿರುವ ನೆಲ್ಲೂ ಸೇರಿ’ ಎಂದು ಬರೆದೆ. ಹುಲಿಗೆವ್ವ ಒಪ್ಪಿದಳು. ಸಾಹುಕಾರರು ಮರದ ಕಡೆ ನೋಡುತ್ತ ಹೂಂ ಎಂದರು.

ಇನ್ನು ಉಳಿದದ್ದು ಮೇಲಿನ ಸಾಲು. ‘ಹಿಂದಿನ ಭಾಷಾಂತರದಲ್ಲಿ ಈ ಪದದ ಅರ್ಥ ತಪ್ಪಾಗಿದೆ’ ಎಂದು ಬರೆದಿದ್ದೆ. ಅಧಿಕಾರಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಹುಲಿಗೆವ್ವ ಕೈ ಎತ್ತಿ ನಿಲ್ಲಿಸಿದಳು.

“ತಪ್ಪಾಗೇತಿ ಅಂದ್ರ ಏನು? ತಾನ ಆಗೇತೇನು? ಮಳಿ ಆದಂಗ?”

“ಕಾಗದದಾಗ ಹಂಗ ಬರೀತಾರ್ರಿ.”

“ಬರೀತಾರ. ನಾಳೆ ಇನ್ನೊಬ್ಬಾಂವ ಬಂದು, ಆ ತಪ್ಪು ಯಾರ್ದಪಾ, ಕಾಗದದ್ದೋ, ಗುಮಾಸ್ತಂದೋ, ನಮ್ಮದೋ ಅಂತಾನ. ಅವಾಗ ಮತ್ತ ನಿನ್ನ ಅಂಗಡಿ ಮೆಟ್ಟಲಾ ಹತ್ತಲಿ?”

ಅಧಿಕಾರಿ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. “ಆಕಿ ಮಾತು ಖರೇ ಐತ್ರಿ,” ಎಂದರು.

ಶರಣಪ್ಪಣ್ಣನ ಅಂಗಡಿ ನೆನಪಾಯಿತು. ಆಮೇಲೆ ಹದಿನೈದು ದಿನಕ್ಕೆ ಅಲ್ಲಿಯ ಕೆಲಸ ಹೋಯಿತು ಕೂಡ. ಅವನು ಜಗಳವಾಡಲಿಲ್ಲ, ನಾನೂ ವಾದಿಸಲಿಲ್ಲ. ಆದರೆ ಆ ಕ್ಷಣ ನನ್ನನ್ನು ತಡೆದು ಹಿಡಿದದ್ದು ಕೆಲಸದ ಚಿಂತೆಯಲ್ಲ. ಅಷ್ಟು ವರ್ಷ ಅಷ್ಟು ವೇದಿಕೆಗಳ ಮೇಲೆ ಮಾತಾಡಿದ ನಾನು ಆ ಒಂದು ವಾಕ್ಯವನ್ನು ಒಮ್ಮೆಯೂ ಕಟ್ಟಿರಲಿಲ್ಲ. ಕರ್ತೃಪದ ಎಲ್ಲಿಡಬೇಕೆಂದು ಕೂಡ ಒಂದು ಗಳಿಗೆ ಯೋಚಿಸಿದೆ.

‘ತಪ್ಪಾಗಿದೆ’ ಎಂಬುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ‘ನಾನು ತಪ್ಪು ಬರೆದೆ’ ಎಂದು ಬರೆದು ಹೆಸರು ಹಾಕಿದೆ. ಅಧಿಕಾರಿ ಹಾಳೆ ತೆಗೆದುಕೊಳ್ಳಲು ಕೈ ಚಾಚುವಷ್ಟರಲ್ಲಿ ನನ್ನ ಬೆನ್ನ ಹಿಂದೆ ತಾಡಪತ್ರಿ ಸರಕ್ಕನೆ ಎಳೆದ ಸದ್ದಾಯಿತು, ಬೆಚ್ಚಗಿನ ಹಸಿ ನೆಲ್ಲಿನ ಹಬೆ ಬಂತು.

“ಏಳವಾ ಅಲ್ಲಿಂದ,” ಎಂದಳು ಹುಲಿಗೆವ್ವ. “ನೀ ಕುಂತ ಜಾಗಾನೂ ಬೇಕು.”